ಅದೇ ರೆಸಿಪಿ, ಆದರೆ ಗಾರ್ನೆಟ್ ಫಿಲ್ಮ್‌ನಲ್ಲಿ ಚೌಕ ಲೂಪ್ ಮಾಯ

ತೆಳುಪದರ:
ಎಲ್ಲರಿಗೂ ನಮಸ್ಕಾರ. ಜಿಜಿಜಿ (111), ಅಂದರೆ ಗ್ಯಾಡೊಲಿನಿಯಮ್ ಗ್ಯಾಲಿಯಮ್ ಗಾರ್ನೆಟ್ ಹರಳಿನ ಸಬ್‌ಸ್ಟ್ರೇಟ್ (ಅಡಿಹಲಗೆ) ಮೇಲೆ ಥುಲಿಯಮ್ ಐರನ್ ಗಾರ್ನೆಟ್ ಎಂಬ ಕಾಂತೀಯ ಫಿಲ್ಮ್ ಬೆಳೆಸುತ್ತಿದ್ದೇನೆ. ಪಿಎಲ್‌ಡಿ (ಲೇಸರ್ ಪಲ್ಸ್ ಹೊಡೆದು ಟಾರ್ಗೆಟ್‌ನ ವಸ್ತುವನ್ನು ಎಬ್ಬಿಸಿ ಫಿಲ್ಮ್ ಕೂರಿಸುವ ವಿಧಾನ), 650 ಡಿಗ್ರಿ, ಆಕ್ಸಿಜನ್ 0.2 ಮಿಲಿಬಾರ್. ಮೇಲೆ 4 ನ್ಯಾನೊಮೀಟರ್ ಪ್ಲಾಟಿನಮ್ ಹಾಕಿ ಹಾಲ್ ಬಾರ್ (ಅಡ್ಡ ವೋಲ್ಟೇಜ್ ಅಳೆಯುವ ಪಟ್ಟಿ) ಮಾಡುತ್ತೇನೆ. ಮೂರು ತಿಂಗಳ ಹಿಂದೆ ಕಾಂತಕ್ಷೇತ್ರ ಏರಿಳಿಸಿದರೆ ಒಳ್ಳೆ ಚೌಕ ಲೂಪ್ ಬರುತ್ತಿತ್ತು, ಅಂದರೆ ಕಾಂತತೆ ಫಿಲ್ಮ್‌ಗೆ ಲಂಬವಾಗಿ ನಿಲ್ಲುತ್ತಿತ್ತು. ಈಗ ಬರೀ ಓರೆ ಗೆರೆ. ಆಕ್ಸಿಜನ್ ಏರಿಸಿ ಇಳಿಸಿ ನೋಡಿದೆ, ಆರು ಸಬ್‌ಸ್ಟ್ರೇಟ್ ಸುಮ್ನೆ ಹಾಳಾದವು.

ಹಾಲ್‌ಬಾರ್:
ಪ್ಲಾಟಿನಮ್‌ನ ಮಾಮೂಲಿ ಹಾಲ್ ಇಳಿಜಾರನ್ನು (ಕ್ಷೇತ್ರದ ಜೊತೆ ನೇರ ಗೆರೆಯಲ್ಲಿ ಬದಲಾಗುವ ಭಾಗ) ಡೇಟಾದಿಂದ ಕಳೆದಿದ್ದೀರಾ? ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ.

ತೆಳುಪದರ:
ಕಳೆದಿದ್ದೇನೆ ಸರ್. ಆಮೇಲೂ ಓರೆಯೇ. ಸುಮಾರು 600 ಓಯರ್‌ಸ್ಟೆಡ್‌ಗೆ ಸ್ಯಾಚುರೇಟ್ ಆಗುತ್ತದೆ (ಇನ್ನು ಹೆಚ್ಚದೆ ನಿಲ್ಲುತ್ತದೆ). ರಿಮನೆನ್ಸ್ (ಕ್ಷೇತ್ರ ಸೊನ್ನೆಗೆ ಬಂದಾಗ ಉಳಿಯುವ ಕಾಂತತೆ) ಇಲ್ಲ.

ಹಳೇ ಲೇಸರ್:
ಆ 600 ಒಳ್ಳೆ ಸುಳಿವು. ಸಬ್‌ಸ್ಟ್ರೇಟ್ ಫಿಲ್ಮನ್ನು ಹಿಗ್ಗಿಸುವ ಎಳೆತ ಪೂರ್ತಿ ಹೋಗಿದ್ದರೆ 1400ರ ಹತ್ತಿರ ಬೇಕಾಗುತ್ತಿತ್ತು. ಅಂದರೆ ಸ್ವಲ್ಪ ಉಳಿದಿದೆ, ಸಾಲದು ಅಷ್ಟೇ.

ಈ ಗಾರ್ನೆಟ್‌ನ ಕಾಂತತೆ ತಾನಾಗಿ ಎದ್ದು ನಿಲ್ಲುವುದಿಲ್ಲ. ಸಬ್‌ಸ್ಟ್ರೇಟ್ ಎಳೆದರೆ ಮಾತ್ರ. ಗಾರ್ನೆಟ್‌ನ ಲ್ಯಾಟಿಸ್ (ಹರಳಿನ ಪರಮಾಣು ಜೋಡಣೆಯ ಅಳತೆ) 12.32 ಆಂಗ್‌ಸ್ಟ್ರಾಮ್, ಜಿಜಿಜಿಯದು 12.38. ಹಾಗಾಗಿ ಫಿಲ್ಮ್ ಅಗಲಕ್ಕೆ ಹಿಗ್ಗುತ್ತದೆ. ಮ್ಯಾಗ್ನೆಟೊಸ್ಟ್ರಿಕ್ಷನ್ (ಕಾಂತತೆಗೂ ಹಿಗ್ಗು-ಕುಗ್ಗುವಿಕೆಗೂ ಇರುವ ನಂಟು) ಋಣ ಇರುವುದರಿಂದ ಹಿಗ್ಗಿದ ಫಿಲ್ಮ್‌ನಲ್ಲಿ ಕಾಂತತೆ ಮೇಲ್ಮುಖವಾಗುತ್ತದೆ. ಈ ಎಳೆತದಿಂದ ಸಿಗುವುದು ಘನ ಮೀಟರ್‌ಗೆ ಸುಮಾರು 10 ಕಿಲೋಜೂಲ್. ಆಕಾರದ ಅನೈಸೊಟ್ರೊಪಿ (ತೆಳು ಫಿಲ್ಮ್‌ನಲ್ಲಿ ಕಾಂತತೆಯನ್ನು ಮಲಗಿಸಲು ನೋಡುವ ಒಲವು) ಕೆಳಗೆ ಜಗ್ಗುವುದು ಏಳೂವರೆ. ಅಂತರ ಇಷ್ಟೇ! ಎಳೆತ ಮೂರರಲ್ಲೊಂದು ಪಾಲು ಕಳೆದುಕೊಂಡರೂ ಆಟ ಮುಗಿಯಿತು.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಹರಳಿನ ಪದರಗಳ ಅಂತರ ಅಳೆಯುವ ವಿಧಾನ) 444 ಪದರಗಳ ಪೀಕ್ ನೋಡಿ. ಸಬ್‌ಸ್ಟ್ರೇಟ್ 51.06 ಡಿಗ್ರಿಗೆ ಬರುತ್ತದೆ. ಫಿಲ್ಮ್ ಅದರ ಬಲಕ್ಕೆ, 51.5ರ ಆಸುಪಾಸು ಇರಬೇಕು. ದಪ್ಪವನ್ನೂ ಅಳೆಯಿರಿ.

ತೆಳುಪದರ:
ಹಳೇ ಸ್ಯಾಂಪಲ್ 51.5ರಲ್ಲೇ ಇದೆ. ಹೊಸದು 51.25, ಸಬ್‌ಸ್ಟ್ರೇಟ್ ಪೀಕಿಗೆ ಅಂಟಿಕೊಂಡಿದೆ. ದಪ್ಪ 21 ನ್ಯಾನೊಮೀಟರ್. ಪಲ್ಸ್ ಲೆಕ್ಕದಲ್ಲಿ 30 ಇರಬೇಕಿತ್ತು.

ಹಾಲ್‌ಬಾರ್:
ಹಾಗಿದ್ದರೆ ಸಬ್‌ಸ್ಟಿಟ್ಯೂಟೆಡ್ ಜಿಜಿಜಿ (ಕೆಲವು ಪರಮಾಣುಗಳನ್ನು ಬದಲಿಸಿದ ಜಿಜಿಜಿ) ತಗೊಳ್ಳಿ. ಅದರ ಲ್ಯಾಟಿಸ್ ಸುಮಾರು 12.50, ಎಳೆತ ಜಾಸ್ತಿ.

ಹಳೇ ಲೇಸರ್:
ಲೂಪ್ ಬರಬಹುದು, ಆದರೆ ರೋಗ ಒಳಗೇ ಉಳಿಯುತ್ತದೆ. ಪಲ್ಸ್ ಅಷ್ಟೇ, ದಪ್ಪ ಮಾತ್ರ ಕಮ್ಮಿ. ಲೇಸರ್ ಶಕ್ತಿ ಎಲ್ಲಿ ಅಳೆಯುತ್ತೀರಿ? ಚೇಂಬರ್ ಕಿಟಕಿಯ ಹೊರಗೇ ಅಲ್ವಾ? ಕಿಟಕಿಯ ಒಳಮೈ ಮೇಲೂ ಗಾರ್ನೆಟ್ ಕೂತಿರುತ್ತದೆ. ಟಾರ್ಗೆಟ್ ಮೇಲೆ ಬೀಳುವ ಶಕ್ತಿ ಇಳಿದರೆ ಥುಲಿಯಮ್-ಕಬ್ಬಿಣದ ಪ್ರಮಾಣ ತಪ್ಪುತ್ತದೆ, ಲ್ಯಾಟಿಸ್ ಊದಿಕೊಳ್ಳುತ್ತದೆ. ಆಗಲೇ ದೊಡ್ಡದಾದದ್ದನ್ನು ಜಿಜಿಜಿ ಇನ್ನೆಷ್ಟು ಎಳೆದೀತು?

ತೆಳುಪದರ (ಐದು ದಿನದ ನಂತರ):
ಕಿಟಕಿ ಬಿಚ್ಚಿದರೆ ಒಳಗೆ ಟೀ ಬಣ್ಣ! ಶಕ್ತಿಯ ಮೂರರಲ್ಲೊಂದು ಪಾಲು ಅದೇ ನುಂಗುತ್ತಿತ್ತು. ಒರೆಸಿ, ಟಾರ್ಗೆಟ್ ಉಜ್ಜಿ, ಹಳೇ ರೆಸಿಪಿಯಲ್ಲೇ ಒಂದು ಬೆಳೆಸಿದೆ. ಪೀಕ್ 51.5ಕ್ಕೆ ವಾಪಸ್, ಲೂಪ್ ಚೌಕ. ತುಂಬಾ ಥ್ಯಾಂಕ್ಸ್ ಸರ್. ಆರು ಸಬ್‌ಸ್ಟ್ರೇಟ್‌ಗಳ ವಿಷಯ ನಮ್ಮ ಗೈಡ್‌ಗೆ ಇನ್ನೂ ಹೇಳಿಲ್ಲ.