ಹೊರಗಿನ ರೆಫರೆನ್ಸ್ ಇದ್ದರೂ ಡ್ರೈವರ್ ಅದು ಇಲ್ಲ ಅನ್ನುತ್ತಿದೆ, ಏನು ಮಾಡೋದು?

ಪ್ರಶ್ನೆ (ಗೋಣಿಕೊಪ್ಪ): ನಮಸ್ತೆ ಮೇಡಂ. ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಅಂತ ತಿಳಿಯಲು ಮಣ್ಣಿನ ತೇವ, ಉಷ್ಣಾಂಶ ಅಳೆಯುವ ಪೆಟ್ಟಿಗೆ ಮಾಡುತ್ತಿದ್ದೇವೆ. ಲಿನಕ್ಸ್ ಬೋರ್ಡ್, ಕರ್ನೆಲ್ (ಲಿನಕ್ಸ್‌ನ ತಿರುಳು) 5.10, ಎಡಿ7124 ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್). ಅಳತೆಗೆ ಹೋಲಿಸಿ ನೋಡಲು ಹೊರಗಡೆ 3 ವೋಲ್ಟ್ ರೆಫರೆನ್ಸ್ ಇದೆ, ಉಷ್ಣಾಂಶ ಅಳೆಯುವ ಥರ್ಮಿಸ್ಟರ್‌ಗೂ ಅದರಿಂದಲೇ ಕರೆಂಟ್. ಅದನ್ನು ಆನ್, ಆಫ್ ಮಾಡುವುದು ಪವರ್ ಐಸಿ. ಕಡಿಮೆ ಬೆಲೆಯ ಮಾಡೆಲ್‌ನಲ್ಲಿ ಈ ರೆಫರೆನ್ಸ್ ಹಾಕಿಲ್ಲ, ಎಡಿಸಿ ಒಳಗಿನ 2.5 ವೋಲ್ಟ್ ಬಳಸುತ್ತೇವೆ.

ತೊಂದರೆ ಬರುತ್ತಿರುವುದು ದುಬಾರಿ ಮಾಡೆಲ್‌ನಲ್ಲಿ. ಕೆಲವು ಸಲ ಬೂಟ್ ಆಗಿ ಅರ್ಧ ನಿಮಿಷ ಉಷ್ಣಾಂಶ ಸುಮಾರಾಗಿ ಸರಿ ಬರುತ್ತದೆ. ಆಮೇಲೆ ಧಡಕ್ಕನೆ ವೋಲ್ಟೇಜ್ ಸೊನ್ನೆ. ರೀಬೂಟ್ ಮಾಡಿದರೆ ಒಮ್ಮೊಮ್ಮೆ ಸರಿಯಾಗುತ್ತದೆ. ಮಳೆನೀರು ಹೊಕ್ಕಿರಬಹುದು ಅಂತ ಬಿಚ್ಚಿ ನೋಡಿದೆವು, ಒಳಗೆ ಒಣಗೇ ಇದೆ. ಎಡಿಸಿಯನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹೊರಗಡೆ ಬರೆಸಿದ್ದು. ಅದರಲ್ಲಿ ಇರುವುದು ಇಷ್ಟೇ: ರೆಗ್ಯುಲೇಟರ್ (ವೋಲ್ಟೇಜ್ ಕೊಡುವ ಭಾಗ) ಇದ್ದರೆ ಕೊಡು ಅಂತ ಕರ್ನೆಲನ್ನು ಕೇಳುವ ‘ರೆಗ್ಯುಲೇಟರ್ ಗೆಟ್ ಆಪ್ಷನಲ್’ ಕರೆದು, ಎರರ್ ಬಂದರೆ ಒಳಗಿನ ರೆಫರೆನ್ಸ್‌ಗೆ ಹೋಗು.

ಉತ್ತರ: ‘ಅರ್ಧ ನಿಮಿಷ’ ಅಂದಿರಲ್ಲ, ಅಲ್ಲೇ ಸುಳಿವು ಇದೆ. ಬೂಟ್ ಮುಗಿದು 30 ಸೆಕೆಂಡ್ ಆದ ಮೇಲೆ ಕರ್ನೆಲ್, ಆನ್ ಆಗಿದ್ದರೂ ಯಾವ ಡ್ರೈವರೂ ಬಳಸದ ರೆಗ್ಯುಲೇಟರ್‌ಗಳನ್ನು ಆಫ್ ಮಾಡುತ್ತದೆ. ನಿಮ್ಮ 3 ವೋಲ್ಟನ್ನು, ಕರ್ನೆಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ ಆನ್ ಮಾಡಿಟ್ಟಿದೆ. ಡ್ರೈವರ್ ಅದನ್ನು ತನ್ನದು ಅಂತ ಹಿಡಿದುಕೊಂಡಿಲ್ಲ. ಕರ್ನೆಲ್ ಅದನ್ನು ಆಫ್ ಮಾಡಿತು, ಥರ್ಮಿಸ್ಟರ್‌ಗೆ ಬರುತ್ತಿದ್ದ ಕರೆಂಟ್ ನಿಂತಿತು. ಕರ್ನೆಲ್ ಲಾಗ್‌ನಲ್ಲಿ ಆ ರೆಗ್ಯುಲೇಟರ್ ಹೆಸರಿನ ಮುಂದೆ ‘ಡಿಸೇಬ್ಲಿಂಗ್’ ಅಂತ ಒಂದು ಸಾಲು ಇರಬೇಕು, ಹುಡುಕಿ. ಡಿಬಗ್‌ಎಫ್‌ಎಸ್‌ನಲ್ಲಿ (ಕರ್ನೆಲ್ ಒಳಗಿನ ಸ್ಥಿತಿ ತೋರಿಸುವ ಫೈಲುಗಳ ಜಾಗ) ರೆಗ್ಯುಲೇಟರ್ ಸಮ್ಮರಿ ಫೈಲ್ ತೆರೆದರೆ ‘ಯೂಸ್’ ಕಾಲಂನಲ್ಲಿ 0 ಕಾಣಿಸುತ್ತದೆ.

ಡ್ರೈವರ್ ಯಾಕೆ ಹಿಡಿದುಕೊಳ್ಳಲಿಲ್ಲ? ಆಪ್ಷನಲ್ ಕರೆ ಎರಡು ಬೇರೆ ಬೇರೆ ಮಾತು ಹೇಳಬಲ್ಲದು. ಮೈನಸ್ 19, ಅಂದರೆ ಇನೋಡೆವ್: ಡಿವೈಸ್ ಟ್ರೀಯಲ್ಲಿ (ಬೋರ್ಡ್ ಮೇಲೆ ಏನೇನಿದೆ ಅಂತ ಕರ್ನೆಲ್‌ಗೆ ಹೇಳುವ ಪಟ್ಟಿ) ಈ ಸಪ್ಲೈ ಬರೆದೇ ಇಲ್ಲ. ಮೈನಸ್ 517, ಅಂದರೆ ಪ್ರೋಬ್ ಡಿಫರ್: ಬರೆದಿದೆ, ಆದರೆ ಪವರ್ ಐಸಿಯ ಡ್ರೈವರ್ ಇನ್ನೂ ಲೋಡ್ ಆಗಿಲ್ಲ, ಆಮೇಲೆ ಬಾ. ನಿಮ್ಮ ಕೋಡ್‌ಗೆ ಎರಡೂ ಒಂದೇ. ಪವರ್ ಐಸಿ ಮಾಡ್ಯೂಲ್ ಮೊದಲು ಬಂದ ಬೂಟ್‌ನಲ್ಲಿ ಎಲ್ಲ ಸರಿ. ಎಡಿಸಿ ಮೊದಲು ಬಂದರೆ ‘ರೆಫರೆನ್ಸ್ ಇಲ್ಲ’ ಅಂತ ತೀರ್ಮಾನ. ರೀಬೂಟ್‌ಗೆ ಕೆಲವೊಮ್ಮೆ ಸರಿಯಾಗುವುದು ಅದಕ್ಕೇ.

ಹಾಗಾಗಿ ಮೈನಸ್ 19 ಒಂದಕ್ಕೆ ಮಾತ್ರ ಒಳಗಿನ 2.5 ವೋಲ್ಟ್‌ಗೆ ಹೋಗಿ. ಬೇರೆ ಯಾವ ಎರರ್ ಬಂದರೂ, ಡ್ರೈವರ್ ಶುರುವಾಗುವಾಗ ಕರ್ನೆಲ್ ಕರೆಯುವ ಪ್ರೋಬ್‌ನಿಂದ ಅದನ್ನೇ ಹಿಂದಿರುಗಿಸಿ. 517 ಆದರೆ ಕರ್ನೆಲ್ ತಾನೇ ಮತ್ತೆ ಕರೆಯುತ್ತದೆ. ಸಿಕ್ಕ ಮೇಲೆ ಎನೇಬಲ್ ಮಾಡುವುದು ಮರೆಯಬೇಡಿ. ಗೆಟ್ ಮಾಡಿದ ಮಾತ್ರಕ್ಕೆ ಆನ್ ಆಗುವುದಿಲ್ಲ. ಹೊಸ ಕರ್ನೆಲ್‌ಗಳು ಡಿವೈಸ್ ಟ್ರೀ ನೋಡಿ ಯಾರು ಮೊದಲು ಅನ್ನುವುದನ್ನು ತಕ್ಕಮಟ್ಟಿಗೆ ಸರಿ ಮಾಡಿಕೊಳ್ಳುತ್ತವೆ. ಅದನ್ನು ನಂಬಿ ಎರರ್ ನುಂಗುವ ಕೋಡ್ ಇಟ್ಟುಕೊಳ್ಳಬೇಡಿ.

ಆ ‘ಸುಮಾರಾಗಿ ಸರಿ’ ರೀಡಿಂಗನ್ನೂ ಅನುಮಾನದಿಂದ ನೋಡಿ. ಥರ್ಮಿಸ್ಟರ್‌ಗೂ ಎಡಿಸಿಗೂ ಒಂದೇ 3 ವೋಲ್ಟ್ ಇದ್ದರೆ ಅದು ಚೂರು ಏರಿಳಿದರೂ ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಒಳಗಿನ 2.5ಕ್ಕೆ ಜಾರಿದಾಗ ಆ ಲಾಭ ಹೋಯಿತು. ಹಳೆ ಡೇಟಾದಲ್ಲಿ ಇಂಥ ರೀಡಿಂಗ್ ಸೇರಿರಬಹುದು.

ಇನ್ನೊಂದು ಮಾತು, ಎಡಿ7124ಕ್ಕೆ ಕರ್ನೆಲ್‌ನಲ್ಲೇ ಡ್ರೈವರ್ ಇದೆ, ಇದನ್ನು ಸರಿಯಾಗಿಯೇ ಮಾಡುತ್ತದೆ. ಬೇರೆ ಯಾಕೆ ಬರೆಸಿದಿರಿ?

ಪ್ರಶ್ನೆ (ಸೋಮವಾರಪೇಟೆ): ಮಧ್ಯೆ ಬಾಯಿ ಹಾಕುತ್ತಿದ್ದೇನೆ ಮೇಡಂ. ನನ್ನ ಬೋರ್ಡ್‌ನಲ್ಲಿ ಸೆನ್ಸರ್‌ನ ವಿಡಿಡಿ (ಚಿಪ್‌ಗೆ ಕರೆಂಟ್ ಬರುವ ಪಿನ್) ನೇರ 3.3 ವೋಲ್ಟ್ ಲೈನ್‌ಗೆ ಬೆಸುಗೆ ಹಾಕಿದೆ. ಆನ್, ಆಫ್ ಮಾಡುವಂಥದ್ದು ಏನೂ ಇಲ್ಲ. ಹಾಗಾದರೆ ವಿಡಿಡಿಗೂ ಆಪ್ಷನಲ್ ಕರೆಯೇ ಅಲ್ವಾ?

ಉತ್ತರ: ಅಲ್ಲ. ತುಂಬಾ ಜನ ಎಡವುವುದೇ ಇಲ್ಲಿ. ಡಿವೈಸ್ ಟ್ರೀಯಲ್ಲಿ ಬರೆಯದೆ ಬಿಡಬಹುದು ಅನ್ನೋದಕ್ಕೂ ಆಪ್ಷನಲ್‌ಗೂ ಸಂಬಂಧ ಇಲ್ಲ. ಆ ಪಿನ್‌ಗೆ ಕರೆಂಟ್ ಇಲ್ಲದೆಯೂ ಚಿಪ್ ಕೆಲಸ ಮಾಡುತ್ತದಾ ಅಂತ ಕೇಳಿಕೊಳ್ಳಿ. ವಿಡಿಡಿ ಇಲ್ಲದೆ ಯಾವ ಚಿಪ್ ಬದುಕುತ್ತದೆ? ಮಾಮೂಲಿ ರೆಗ್ಯುಲೇಟರ್ ಗೆಟ್ ಬಳಸಿ. ಡಿವೈಸ್ ಟ್ರೀಯಲ್ಲಿ ಇಲ್ಲದಿದ್ದರೆ ಕರ್ನೆಲ್ ಡಮ್ಮಿ ರೆಗ್ಯುಲೇಟರ್ ಕೊಡುತ್ತದೆ, ಲಾಗ್‌ನಲ್ಲಿ ಒಂದು ಸಾಲು ಗೊಣಗುತ್ತದೆ, ಕೆಲಸ ನಡೆಯುತ್ತದೆ. ಗೊಣಗಾಟ ಬೇಡವಾದರೆ 3.3 ವೋಲ್ಟನ್ನು ಫಿಕ್ಸೆಡ್ ರೆಗ್ಯುಲೇಟರ್ ಅಂತ ಬರೆದುಬಿಡಿ. ಡಮ್ಮಿಯ ಹತ್ತಿರ ವೋಲ್ಟೇಜ್ ಎಷ್ಟು ಅಂತ ಮಾತ್ರ ಕೇಳಬೇಡಿ, ಎರರ್ ಬರುತ್ತದೆ. ರೆಫರೆನ್ಸ್ ಪಿನ್‌ಗೆ ಮಾಮೂಲಿ ಗೆಟ್ ಆಗದಿರುವುದು ಇದೇ ಕಾರಣಕ್ಕೆ.

ಪ್ರಶ್ನೆ (ಗೋಣಿಕೊಪ್ಪ): ಲಾಗ್‌ನಲ್ಲಿ ‘ಡಿಸೇಬ್ಲಿಂಗ್’ ಸಾಲು ಸಿಕ್ಕಿತು ಮೇಡಂ! 517 ಹಿಂದಿರುಗಿಸಿದ ಮೇಲೆ ಸೊನ್ನೆ ಬಂದಿಲ್ಲ. ಇನ್ನೊಂದು ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಸೋಲಾರ್ ಇದ್ದೂ ಇಲ್ಲದ ಹಾಗೆ. ರೀಡಿಂಗ್ ಇಲ್ಲದಾಗ 3 ವೋಲ್ಟ್ ಆಫ್ ಮಾಡಬಹುದಾ?

ಉತ್ತರ: ಮಾಡಬಹುದು, ಮಾಡಲೇಬೇಕು. ಕೆಲಸವಿಲ್ಲದಾಗ ಕರೆಂಟ್ ಉಳಿಸುವ ರನ್‌ಟೈಮ್ ಪಿಎಂ ಸಸ್ಪೆಂಡ್‌ನಲ್ಲಿ ಡಿಸೇಬಲ್, ರೆಸ್ಯೂಮ್‌ನಲ್ಲಿ ಎನೇಬಲ್. ಮುಂದೆ ಕರ್ನೆಲ್ ಬದಲಿಸಿದಾಗ ಗೆಟ್, ಎನೇಬಲ್ ಎರಡನ್ನೂ ಒಟ್ಟಿಗೆ ಮಾಡುವ ಡೆವ್‌ಎಂ (ಡ್ರೈವರ್ ಹೋದಾಗ ತಾನೇ ಬಿಟ್ಟುಕೊಡುವ) ಕರೆಗಳು ಸಿಗುತ್ತವೆ. ಬರೆಯಲು ಚಿಕ್ಕದು, ಆದರೆ ಅವು ರೆಗ್ಯುಲೇಟರನ್ನು ನಿಮ್ಮ ಕೈಗೆ ಕೊಡುವುದಿಲ್ಲ, ಮಧ್ಯೆ ಆಫ್ ಮಾಡಲು ಆಗದು. ನಿಮಗೆ ಬೇರೆ ಬೇರೆ ಕರೆಗಳೇ ಸರಿ.

ಕಡಿಮೆ ಬೆಲೆಯ ಮಾಡೆಲ್‌ನಲ್ಲಿ ಮೈನಸ್ 19 ಬಂದಾಗ ರೆಗ್ಯುಲೇಟರ್ ಪಾಯಿಂಟರನ್ನು ನಲ್ (ಖಾಲಿ) ಮಾಡಿಡಿ. ಎನೇಬಲ್, ಡಿಸೇಬಲ್ ಮಾಡುವ ಮೊದಲು ಅದು ನಲ್ ಅಲ್ಲ ಅಂತ ಪ್ರತಿ ಸಲ ನೋಡಿಕೊಳ್ಳಿ. ಎರರ್ ಪಾಯಿಂಟರನ್ನು ಹಾಗೇ ಡಿಸೇಬಲ್‌ಗೆ ಕೊಟ್ಟರೆ ಕರ್ನೆಲ್ಲೇ ಬಿದ್ದುಹೋಗುತ್ತದೆ.

ಆನ್ ಮಾಡಿದ ತಕ್ಷಣ ಓದಲೂಬೇಡಿ. ರೆಫರೆನ್ಸ್ ನೆಲೆ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ಅದರ ಡೇಟಾಶೀಟ್‌ನಲ್ಲಿ ಇರುತ್ತದೆ, ಪಕ್ಕದ ಕೆಪಾಸಿಟರ್ ದೊಡ್ಡದಾದಷ್ಟೂ ಜಾಸ್ತಿ. ಡ್ರೈವರ್‌ನಲ್ಲಿ ಸುಮ್ನೆ ಒಂದು ಸ್ಲೀಪ್ ಹಾಕುವ ಬದಲು ಡಿವೈಸ್ ಟ್ರೀಯಲ್ಲಿ ಆ ರೆಗ್ಯುಲೇಟರ್ ಕೆಳಗೆ ಎನೇಬಲ್ ರ‍್ಯಾಂಪ್ ಡಿಲೇ ಬರೆಯಿರಿ, ಮೈಕ್ರೋಸೆಕೆಂಡ್ ಲೆಕ್ಕದಲ್ಲಿ. ಎನೇಬಲ್ ಕರೆ ಅಷ್ಟು ಹೊತ್ತು ತಾನೇ ಕಾದು ವಾಪಸ್ ಬರುತ್ತದೆ.