ಸಹಾಯ ಬೇಕು: ಅಮ್ಮನ ಹಾಲಿನ ದುಡ್ಡಿಗೆ ಎಸ್‌ಐಪಿ ಮಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಅಮ್ಮ ಹಸು ಸಾಕಿದ್ದಾರೆ. ಡೇರಿ ಬಟವಾಡೆಯಲ್ಲಿ ಹಿಂಡಿ, ಬೂಸಾ ಖರ್ಚು ಕಳೆದು ಉಳಿದಿದ್ದೆಲ್ಲ ಉಳಿತಾಯ ಖಾತೆಯಲ್ಲೇ ಇದೆ. ಬೆಲೆ ಏರುವಷ್ಟು ಬಡ್ಡಿ ಅಲ್ಲಿ ಬರುವುದಿಲ್ಲ. ಕಷ್ಟಪಟ್ಟ ದುಡ್ಡು ಸುಮ್ನೆ ಸವೆಯುವುದನ್ನು ನೋಡಲು ಆಗುತ್ತಿಲ್ಲ.

ತಿಂಗಳಿಗೆ 500 ರೂಪಾಯಿಯಂತೆ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ (50 ದೊಡ್ಡ ಕಂಪನಿಗಳ ಷೇರುಗಳಲ್ಲಿ ದುಡ್ಡು ಹಾಕುವ ಮ್ಯೂಚುವಲ್ ಫಂಡ್) ಎಸ್‌ಐಪಿ (ಪ್ರತಿ ತಿಂಗಳು ನಿಗದಿತ ಮೊತ್ತ ಹೂಡುವುದು) ಶುರು ಮಾಡೋಣ ಅಂತ ಅಮ್ಮನಿಗೆ ಅಂದೆ. ಮೊಬೈಲಿನಲ್ಲಿ ನನ್ನ ಫಂಡನ್ನೇ ತೋರಿಸಿದೆ. ಅವತ್ತು ಮಾರುಕಟ್ಟೆ ಬಿದ್ದಿತ್ತು, ಕೆಂಪಕ್ಷರದಲ್ಲಿ ಮೈನಸ್ ಕಂಡಿತು. "ಬ್ಯಾಂಕಲ್ಲಿ ಹಿಂಗೆ ಕಮ್ಮಿ ಆಗುತ್ತೇನಪ್ಪಾ?" ಅಂದರು. ಊರಲ್ಲಿ ಚೀಟಿ ಮುಳುಗಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದಾರೆ, ಆ ಭಯ ತಪ್ಪಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಫಂಡಿಗೆ ಇಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳಿದ್ದೇನೆ. ಪೋಸ್ಟ್ ಆಫೀಸ್ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾತ್ರ ತಕ್ಷಣ ಒಪ್ಪಿದರು.

ಇನ್ನೊಂದು ಹಸು ತರುವುದಕ್ಕೆ ಇಟ್ಟ ದುಡ್ಡು ಮುಟ್ಟುವುದಿಲ್ಲ. ಗೊಂದಲ ಉಳಿದದ್ದರ ಬಗ್ಗೆ ಮಾತ್ರ. 5 ವರ್ಷದ ಆರ್‌ಡಿ ಮುಗಿಸಿ, ಧೈರ್ಯ ಬಂದ ಮೇಲೆ ಎಸ್‌ಐಪಿಗೆ ಬರಬೇಕಾ? ಇಲ್ಲ, ಸಣ್ಣ ಮೊತ್ತದಲ್ಲಿ ಎರಡನ್ನೂ ಈಗಲೇ ಜೊತೆಗೆ ಶುರು ಮಾಡಿಸಬೇಕಾ? ಮನೆಯ ಹಿರಿಯರನ್ನು ಒಪ್ಪಿಸಿದವರು ಮಾರುಕಟ್ಟೆ ಏರಿಳಿತವನ್ನು ಹೇಗೆ ವಿವರಿಸಿದಿರಿ, ದಯವಿಟ್ಟು ತಿಳಿಸಿ.