ಏಳು ವರ್ಷದ ರೊಟ್ಟಿ ಘಟಕಕ್ಕೆ ಸಬ್ಸಿಡಿ ಸಿಗುತ್ತದಾ?

ರೊಟ್ಟಿ ಬುಟ್ಟಿ, ಬಾಗಲಕೋಟೆ
ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡುವ ಘಟಕ, ಏಳು ವರ್ಷದಿಂದ ನಡೆದಿದೆ. ಆರು ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯದು) ಎರಡೂ ಇವೆ. ಹಿಟ್ಟು ನಾದುವ, ರೊಟ್ಟಿ ಮಾಡುವ, ಪ್ಯಾಕ್ ಮಾಡುವ ಯಂತ್ರಗಳಿಗೆ 8 ಲಕ್ಷ, ನೆಲ ಮತ್ತು ವೈರಿಂಗ್‌ಗೆ 2 ಲಕ್ಷ ಬೇಕು. ಸಾಲವಿಲ್ಲದೆ ಬರೀ ಅನುದಾನ ಸಿಗುತ್ತದಾ? ಹೊಸ ಉದ್ಯಮಕ್ಕಷ್ಟೇ ಸಬ್ಸಿಡಿ ಅನ್ನುತ್ತಾರೆ. ಶೇ 10 ಕಮಿಷನ್ ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಬೆನ್ನು ಹತ್ತಿದ್ದಾನೆ.

ಖಾತೆಕಿರ್ದಿ
ಅಕ್ಕಾ, ನಿಮ್ಮಂಥ ಘಟಕಕ್ಕೆ ಸಾಲವಿಲ್ಲದ ಅನುದಾನ ಹುಡುಕುತ್ತ ಕಾಲ ಕಳೆಯಬೇಡಿ. ನಿಮಗೆ ಹೊಂದುವುದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣೆಗೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ. ನಡೆಯುತ್ತಿರುವ ಕಿರು ಆಹಾರ ಘಟಕಗಳನ್ನು ಮೇಲೆತ್ತಲೆಂದೇ 2020ರಲ್ಲಿ ಬಂದ ಯೋಜನೆ ಅದು. ನಮ್ಮಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಕೆಪೆಕ್ ನೋಡಿಕೊಳ್ಳುತ್ತದೆ. ಮೂಲ ಸಬ್ಸಿಡಿ ಶೇ 35, ಅದರ ಮೇಲೆ ರಾಜ್ಯದ್ದು ಶೇ 15. ಒಟ್ಟು ಶೇ 50, ಗರಿಷ್ಠ 15 ಲಕ್ಷ. ನಿಮ್ಮ 10 ಲಕ್ಷದಲ್ಲಿ ಕೈಯಿಂದ 1 ಲಕ್ಷ, ಬ್ಯಾಂಕ್ ಸಾಲ 9 ಲಕ್ಷ, ಸಬ್ಸಿಡಿ 5 ಲಕ್ಷ. ಸಿವಿಲ್ ಕೆಲಸ (ನೆಲ, ಕಟ್ಟಡದ್ದು) ಯೋಜನಾ ವೆಚ್ಚದ ಶೇ 30 ದಾಟಬಾರದು, ನಿಮ್ಮದು ಒಳಗೇ ಇದೆ. ಜೋಳ, ಶೇಂಗಾ ಖರೀದಿಯ ದುಡ್ಡನ್ನು ಇದರಲ್ಲಿ ಸೇರಿಸಬೇಡಿ, ದುಡಿಯುವ ಬಂಡವಾಳಕ್ಕೆ ಸಬ್ಸಿಡಿ ಇಲ್ಲ.

ಆ 5 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಕೂರುತ್ತದೆ. ಕಂತು ತಪ್ಪದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಅಲ್ಲಿವರೆಗೆ ಬಡ್ಡಿ ಯಾವ ಮೊತ್ತಕ್ಕೆ ಹಾಕುತ್ತೀರಿ ಅಂತ ಶಾಖೆಯಿಂದ ಬರಹದಲ್ಲೇ ಪಡೆಯಿರಿ.

ಏಜೆಂಟನಿಗೆ ಒಂದು ರೂಪಾಯಿಯೂ ಬೇಡ. ಅರ್ಜಿ, ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಅವರ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ. ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಸಾಲದ ಮೇಜು
ಫೈಲ್ ವಾಪಸ್ ಬರುವುದು ಸಣ್ಣ ಸಣ್ಣ ಕಾರಣಕ್ಕೆ. ಮೊದಲು ಉದ್ಯಮ್ ಪ್ರಮಾಣಪತ್ರದ ಎನ್‌ಐಸಿ ಸಂಖ್ಯೆ, ಅಂದರೆ ಯಾವ ಬಗೆಯ ಉದ್ಯಮ ಅಂತ ತೋರಿಸುವ ಸಂಖ್ಯೆ ನೋಡಿ. 10ರಿಂದ ಶುರುವಾದರೆ ಆಹಾರ ತಯಾರಿಕೆ, 47 ಇದ್ದರೆ ಚಿಲ್ಲರೆ ವ್ಯಾಪಾರ. 47 ಅಂತ ಬರೆಸಿಕೊಂಡವರು ಬಹಳ; ನೀವು ರೊಟ್ಟಿ ಬಡಿಯುತ್ತಿದ್ದರೂ ಕಾಗದದಲ್ಲಿ ಅಂಗಡಿಯವರಾಗಿರುತ್ತೀರಿ. ತಿದ್ದುಪಡಿ ಪೋರ್ಟಲ್‌ನಲ್ಲೇ ಉಚಿತ. ಉದ್ಯಮ್, ಎಫ್‌ಎಸ್‌ಎಸ್‌ಎಐ, ಚಾಲ್ತಿ ಖಾತೆ, ಮೂರರಲ್ಲೂ ಘಟಕದ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ.

ಫೋನ್‌ಪೇ ದುಡ್ಡು ಮನೆಯವರ ಖಾತೆಗೆ ಬೀಳುತ್ತಿದ್ದರೆ ಇಂದೇ ನಿಲ್ಲಿಸಿ. ವಹಿವಾಟು ಕಾಣದಿದ್ದರೆ ಸಾಲ ಕೊಡಲು ಆಧಾರವೇ ಇರುವುದಿಲ್ಲ. ಕೊಟೇಶನ್‌ನಲ್ಲಿ ಮಾದರಿ, ಎಚ್‌ಪಿ, ಜಿಎಸ್‌ಟಿ ಸಂಖ್ಯೆ ಇರಬೇಕು. ಸಾಲ ಮಂಜೂರಾಗುವ ಮುಂಚೆ ಯಂತ್ರದವರಿಗೆ ಮುಂಗಡ ಕೊಡಬೇಡಿ, ಆಮೇಲೆ ಲೆಕ್ಕಕ್ಕೆ ಹಿಡಿಸುವುದು ಕಷ್ಟ. ನಿಮ್ಮಂಥ 9 ಲಕ್ಷದ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಮನೆ ಪತ್ರ ತನ್ನಿ ಅಂದರೆ ಇದನ್ನು ನೆನಪಿಸಿ.

ಮೂರು ಫೇಸ್
ಯಂತ್ರದ ವಿಷಯ ಯಾರೂ ಹೇಳಲಿಲ್ಲ. ಚಪಾತಿ ಯಂತ್ರವನ್ನೇ ರೊಟ್ಟಿ ಯಂತ್ರ ಅಂತ ಮಾರುತ್ತಾರೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಒತ್ತಿದಾಗ ಅಂಚು ಸೀಳುತ್ತದೆ. ನಿಮ್ಮದೇ ಹಿಟ್ಟು 5 ಕೆಜಿ ಒಯ್ದು, ಬಿಸಿನೀರಲ್ಲಿ ನಾದಿಸಿ, ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಹರಿದವೆಷ್ಟು ಎಣಿಸಿ. ಯಂತ್ರ ಮೂಲೆ ಸೇರಿ ಘಟಕ ನಿಂತರೆ ಆ ಮೂರು ವರ್ಷದ ಸಬ್ಸಿಡಿಯೂ ಕೈತಪ್ಪುತ್ತದೆ. ಹೆಸ್ಕಾಂ ಲೋಡ್ ಹೆಚ್ಚಿಸಲು ಅರ್ಜಿಯನ್ನು ಜೊತೆಗೇ ಹಾಕಿ.

ರೊಟ್ಟಿ ಬುಟ್ಟಿ, ಬಾಗಲಕೋಟೆ
ನಮ್ಮದು 47 ಅಂತಲೇ ಇದೆ! ಈಗಲೇ ತಿದ್ದಿಸುತ್ತೇನೆ. ಹಿಂದೆ ಮುದ್ರಾ ಸಾಲ ಪಡೆದು ತೀರಿಸಿದ್ದೇವೆ. ಪಿಎಂಇಜಿಪಿಗೂ (ಉದ್ಯೋಗ ಸೃಷ್ಟಿಗೆ ಕೇಂದ್ರ ಕೊಡುವ ಸಾಲ-ಸಬ್ಸಿಡಿ) ಹಾಕಬಹುದಾ?

ಖಾತೆಕಿರ್ದಿ
ಪಿಎಂಇಜಿಪಿ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಮುದ್ರಾ ಸರಿಯಾಗಿ ತೀರಿಸಿ, ಮೂರು ವರ್ಷ ಲಾಭದಲ್ಲಿರುವವರಿಗೆ ಎರಡನೇ ಸಾಲ ಇದೆ; ತಯಾರಿಕೆಗೆ 1 ಕೋಟಿವರೆಗೆ. ಆದರೆ ಸಬ್ಸಿಡಿ ಶೇ 15 ಅಷ್ಟೇ. ಒಂದೇ ಯಂತ್ರಕ್ಕೆ ಎರಡೂ ಕಡೆ ಕೇಳಬೇಡಿ. 10 ಲಕ್ಷದ ಕೆಲಸಕ್ಕೆ ಪಿಎಂಎಫ್‌ಎಂಇಯನ್ನೇ ಹಿಡಿಯಿರಿ. ಮುದ್ರಾ ತೀರಿದ ಬೇಬಾಕಿ ಪತ್ರ ಫೈಲಿಗೆ ಸೇರಿಸಿ, ಸಿಬಿಲ್‌ನಲ್ಲಿ (ಸಾಲದ ಇತಿಹಾಸದ ವರದಿ) ಅದು ಮುಗಿದಿದೆ ಎಂದು ಕಾಣುತ್ತಿದೆಯಾ ನೋಡಿಕೊಳ್ಳಿ.